ವನ್ಯಜೀವಿಗಳ ಸೇವೆಗೆ ಹೊರಟ ತರುಣರಿಗೆ ದ್ರವ್ಯಸಹಾಯ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ, ಪದವಿ ಮುಗಿಸಿದ ಮಗನಾಗಲಿ ಮಗಳಾಗಲಿ ‘ನಾನು ತೋಳಗಳನ್ನು ಕುರಿತು ಅಭ್ಯಾಸ ಮಾಡುವೆನು’ ಎಂದರೆ ತಾಯಿತಂದೆಗಳು ಗಾಬರಿಗೊಳ್ಳುವುದು ಸಹಜವಾಗಿದೆ. ತೋಳನ ಬೆನ್ನು ಹತ್ತಿದವರಿಗೆ ಕೂಳು ಹಾಕುವವರಾರು? ಈ ಪ್ರಶ್ನೆಯು ನ್ಯಾಯವಾದುದೇ. ಆದರೆ ಇದಕ್ಕೆ ಉತ್ತರವುಂಟೆಂಬುದನ್ನು ನಮ್ಮಲ್ಲಿ ಬಹು ಜನರು ಅರಿಯರು.

ಪ್ರಶ್ನೆಯೇನೂ ಹೊಸದಲ್ಲ. ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಾಲಿಮ್ ಅಲಿಯವರು ಜರ್ಮನಿಯಲ್ಲಿ ಅಭ್ಯಾಸ ಮುಗಿಸಿ ಮುಂಬಯಿಗೆ ಮರಳಿದಾಗ, ಹಣದ ಅಭಾವದಿಂದ ಅವರ ಉದ್ಯೋಗವೇ ಇಲ್ಲವಾಗಿದ್ದಿತು. ಆಗ ಅವರು, ತಮಗೆ ಸಂಬಳ ಬೇಡ, ಪ್ರವಾಸದ ವೆಚ್ಚ ದೊರೆತರೆ ಸಾಕು, ದೇಶೀಯ ಸಂಸ್ಥಾನಗಳ ಪಕ್ಷಿಗಳನ್ನು ಸಮೀಕ್ಷಿಸುವೆನೆಂದು ಮುಂದೆ ಬಂದರು. ಮೊದಲು ಒಪ್ಪಿದುದು ಹೈದರಾಬಾದು ಸಂಸ್ಥಾನ. ೧೯೩೧-೩೨ರಲ್ಲಿ ಆ ಕಾರ್ಯವು ನಡೆಯಿತು. ಆಗ ನಮ್ಮ ಕಲಬುರ್ಗಿ ಜಿಲ್ಲೆಯೂ ಆ ಸಂಸ್ಥಾನಕ್ಕೇ ಸೇರಿದ್ದಿತು. ೧೯೩೯-೪೦ರಲ್ಲಿ ಮೈಸೂರಿನ ಸಮೀಕ್ಷೆಯೂ ಆಯಿತು. ಇಷ್ಟು ಅಲ್ಪ ಧನದಿಂದಲೇ ಅಷ್ಟು ದೊಡ್ಡ ಜೀವನಕಾರ್ಯಕ್ಕೆ ಆರಂಭವಾಯಿತು.

ಈಗ ರಾಜರಿಲ್ಲ, ಪ್ರತಿಷ್ಠಾನಗಳಿವೆ. ಹೊಸಬರಿಗೆ ಮುಖ್ಯವಾದುದು ಇಂಗ್ಲೆಂಡಿನ ರಫರ್ಡ್ ಪ್ರತಿಷ್ಠಾನ. ಮೊದಲ ಸಲಕ್ಕೆ ಆರೇಳು ಸಾವಿರ ಪೌಂಡುಗಳ ಆಸುಪಾಸಿನ ಸಹಾಯವನ್ನು ಕೊಡುವುದು. ಅದನ್ನು ಸರಿಯಾಗಿ ಪೂರೈಸಿದವರಿಗೆ ಮುಂದಿನ ಮೆಟ್ಟಿಲುಗಳೂ ಉಂಟು. ಒಂದೊಂದು ಜೀವಿಜಾತಿಯ ರಕ್ಷಣೆಗೆಂದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ನಿಧಿಯು ೨೫,೦೦೦ ಡಾಲರುಗಳ ವರೆಗೆ ಕೊಡುವುದು. ಹುಲ್ಲುಗಾವಲಿನ ಹಕ್ಕಿಗಳನ್ನು ಅಭ್ಯಸಿಸಿ ೨೦೦೯ರಲ್ಲಿ ಅಕಾಲಮರಣವನ್ನಪ್ಪಿದ ರವಿ ಶಂಕರನ್ ಅವರ ಹೆಸರಿನಲ್ಲಿ ಇನ್‌ಲ್ಯಾಕ್ಸ್ ಸಂಸ್ಥೆಯ ವಿದ್ಯಾರ್ಥಿವೇತನವು ಸ್ಥಾಪಿತವಾಯಿತು. ಕನ್ನಡಿಗರಾದ ಸಂಜಯ ಗುಬ್ಬಿಯವರು ೨೦೧೭ರಲ್ಲಿ ಪಡೆದ ೩೫,೦೦೦ ಪೌಂಡಿನ ವಿಟ್ಲಿ ಪ್ರಶಸ್ತಿಯು ಬಹು ಕಾಲ ದುಡಿದವರಿಗೆ ಸಲ್ಲುವಂಥದು. ತೊಡಗುವವರು ಅದನ್ನು ಕಂಡು ಹಿಗ್ಗಬಹುದು, ಬಯಸಬಾರದು.

ದಟ್ಟಡವಿಯಿಲ್ಲದ ನಮ್ಮ ಸೀಮೆಯಲ್ಲಿ ಅಭ್ಯಸಿಸಲು ಏನಿದೆಯೆಂದು ವಾಚಕರು ಕೇಳಬಹುದು. ಹುಲಿಯೊಂದೇ ವನ್ಯಜೀವಿಯೆಂಬ ಭ್ರಮೆಯು ಎಲ್ಲೆಡೆಗೂ ಹಬ್ಬಿದೆ. ಭೀಮಾತೀರದ ಎರೆಹೊಲಗಳ ಬಯಲು, ಕಲ್ಲುಹುಲ್ಲಿನ ಬೋರುಗಳು ಸರಕಾರಿ ದಫ್ತರಿನಲ್ಲಿ ಪಾಳುಭೂಮಿ ಎನಿಸಬಹುದು. ತೋಳನಿಗೆ ಅದೇ ಮನೆ. ಎರೆಭೂತವೆಂಬ ಮಹಾಪಕ್ಷಿಯ ಹೆಸರಿನಲ್ಲಿಯೇ ನಮ್ಮ ಎರೆಮಣ್ಣು ಇದೆ. ನೆರೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ೧೯೭೯ರಲ್ಲಿಯೇ ಅದಕ್ಕಾಗಿ ಅಭಯಾರಣ್ಯವಾಯಿತು. ಆದರೂ ಇಂದು ಲೋಕದಲ್ಲೆಲ್ಲ ಕೂಡಿ ಉಳಿದವು ನೂರೈವತ್ತರ ಆಸುಪಾಸು ಮಾತ್ರ. ಕೃಷ್ಣಸಾರಮೃಗವು ತಾನಾಗಿ ಸಂಚರಿಸುವ ದೇಶವೇ ಯಜ್ಞಯೋಗ್ಯವೆಂದು ಸ್ಮೃತಿಕಾರರು ಹೇಳಿರುವರು. ಅದೇ ಚಿಗರಿಯ ಹಿಂಡು ತೊಗರಿಯನ್ನು ಮೇದುಹೋದ ಮುಂಜಾನೆ ರೈತನಿಗೆ ಈ ಮಾತು ರುಚಿಸದು! ಈ ಎರಡು ಮಾತುಗಳ ನಡುವೆ ದಾರಿ ಹುಡುಕುವುದೇ ನಮ್ಮ ತರುಣರ ಕೆಲಸವಾಗಿದೆ. ಇಂಥ ಪ್ರಶ್ನೆಗೆ ಹಣ ಕೊಡುವವರು ಕಿವಿಗೊಡುವರು.

ಅರ್ಜಿಯಲ್ಲಿ ‘ಪ್ರಕೃತಿಮಾತೆಯ ಸೇವೆ’ ಮುಂತಾದ ಅಲಂಕಾರಗಳು ಬೇಡ. ಕುರಿಗಾಹಿಗಳು ವರ್ಷಕ್ಕೆ ಎಷ್ಟು ಕುರಿಗಳನ್ನು ತೋಳನಿಗೆ ಕಳೆದುಕೊಳ್ಳುವರು, ಯಾವ ತಿಂಗಳಿನಲ್ಲಿ, ಹಟ್ಟಿಗೆ ಬೇಲಿಯಿದ್ದರೆ ಎಷ್ಟು ಉಳಿಯುವುವು—ಹೀಗೆ ಒಂದು ವರ್ಷದಲ್ಲಿ ಉತ್ತರ ಸಿಕ್ಕುವ ಪ್ರಶ್ನೆಯಿರಲಿ. ಪ್ರಯಾಣ, ಉಪಕರಣ, ಸಹಾಯಕರ ಕೂಲಿಗಳ ಲೆಕ್ಕವು ಪೈಸೆಯ ವರೆಗೆ ಸ್ಪಷ್ಟವಾಗಿರಲಿ. ಬಲ್ಲವರ ಶಿಫಾರಸು ಪತ್ರಗಳೂ ಅವಶ್ಯ. ಅರ್ಜಿಯು ಇಂಗ್ಲಿಷಿನಲ್ಲಿರಬೇಕೆಂದು ಹಿಂಜರಿಯಬೇಕಾದುದಿಲ್ಲ. ಮೊದಲು ಕನ್ನಡದಲ್ಲಿ ಬರೆದು, ಊರಿನ ಉಪಾಧ್ಯಾಯರೊಬ್ಬರಿಂದ ಭಾಷಾಂತರಿಸಿಕೊಂಡರಾಯಿತು. ನಿವೃತ್ತರಾದ ನಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಕೆಲಸವೇನಿದೆ?

ಕಾನೂನಿನ ಮಾತುಗಳೆರಡು. ತೋಳ, ಚಿಗರಿಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿವೆ. ಅವನ್ನು ಹಿಡಿಯುವುದಕ್ಕೂ ಕೊರಳಿಗೆ ಯಂತ್ರ ತೊಡಿಸುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆಯಿರಬೇಕು. ಸಂಘದ ಹೆಸರಿನಲ್ಲಿ ವಿದೇಶದ ಹಣ ತರುವುದಾದರೆ ೨೦೧೦ರ ವಿದೇಶೀ ದೇಣಿಗೆ ಕಾಯಿದೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಅರ್ಜಿಗೆ ಉತ್ತರ ಬರಲು ತಿಂಗಳುಗಳು ಹಿಡಿಯುವುವು. ಒಮ್ಮೆ ಇಲ್ಲವೆಂದೂ ಬರಬಹುದು. ಅಲ್ಲಿಯ ವರೆಗೆ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಂಥ ಕಡೆಗಳಲ್ಲಿ ಯೋಜನಾ ಸಹಾಯಕರ ಹುದ್ದೆಗಳಿಗೆ ಪ್ರಯತ್ನಿಸಬಹುದು. ಅವು ಖಾಯಮಾದವಲ್ಲ, ಆದರೆ ತಿಂಗಳಿಗೊಮ್ಮೆ ಮನೆಗೆ ಹಣ ಕಳಿಸುವಷ್ಟು ಅನುಕೂಲವನ್ನು ಕೊಡುವುವು.