ಪಿಕಪ್‌ಗೆ ಅಲಾರಂ: ವೈರ್ ಸೇರಿಸೋ ಮೊದಲು ಮೀಟರ್ ಹಿಡೀರಿ

ತರಕಾರಿ ಸಾಗಿಸೋ ಪಿಕಪ್‌ಗೆ ನಾನೇ ಅಲಾರಂ ಕೂರಿಸಿದ್ದೆ. ಬಣ್ಣ ನೋಡಿ ಸೆಂಟ್ರಲ್ ಲಾಕ್ ವೈರಿಗೆ ಸೇರಿಸಿದೆ. ಮಾರ್ಕೆಟ್‌ನಲ್ಲಿ ರಿಮೋಟ್ ಒತ್ತಿದಾಗ ಬೀಪ್ ಬಂತು, ಆದರೆ ಫ್ಯೂಸ್ ಹೋಗಿ ಡೋರ್ ಲಾಕ್ ಆಗಲೇ ಇಲ್ಲ. ಒಳಗಿದ್ದ ತೂಕದ ಯಂತ್ರ ಕಳುವಾಯ್ತು.

ಎಲ್ಲ ಗಾಡಿಯ ಲಾಕ್ ಒಂದೇ ರೀತಿ ಇರಲ್ಲ, ವೈರ್ ಬಣ್ಣವೂ ಅಷ್ಟೇ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗಿಟ್ಟು, ಕಪ್ಪು ಕಡ್ಡಿ ಬಾಡಿಯ ಲೋಹಕ್ಕೆ, ಕೆಂಪು ಕಡ್ಡಿ ಲಾಕ್ ಸ್ವಿಚ್‌ನ ವೈರಿಗೆ ಹಿಡಿದು ಸ್ವಿಚ್ ಒತ್ತಿ.

• ವೋಲ್ಟೇಜ್ 0ಗೆ ಇಳಿದರೆ ನೆಗೆಟಿವ್ ಟ್ರಿಗರ್. ಅಲಾರಂ ರಿಲೇಯ ಕಾಮನ್ ವೈರ್ ಸ್ವಿಚ್ ವೈರಿಗೆ, ಎನ್‌ಒ ವೈರ್ ಅರ್ತ್‌ಗೆ ಕೊಡಿ. ಎನ್‌ಸಿ ವೈರಿಗೆ ಟೇಪ್ ಸುತ್ತಿ ಬಿಡಿ. ಅನ್‌ಲಾಕ್‌ಗೂ ಹೀಗೇ.

• 0ಯಿಂದ 12ಕ್ಕೆ ಏರಿದರೆ ಪಾಸಿಟಿವ್ ಟ್ರಿಗರ್ ಇರಬಹುದು, ನೇರ ಮೋಟಾರ್ ವೈರೂ ಇರಬಹುದು. ನನ್ನದು ಮೋಟಾರ್ ವೈರ್: ಸುಮ್ಮನಿದ್ದಾಗ ಅದು ಅರ್ತ್‌ಗೆ ಸೇರಿರುತ್ತೆ, ನಾನು ಕೊಟ್ಟ 12 ವೋಲ್ಟ್ ಶಾರ್ಟ್ ಆಯ್ತು. ಇಲ್ಲಿ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಬಲ್ಬ್ ಟೆಸ್ಟರ್ ಬೇಡ, ಕಂಟ್ರೋಲ್ ಯೂನಿಟ್ ಕೆಡಬಹುದು. ಏರ್‌ಬ್ಯಾಗ್‌ನ ಹಳದಿ ವೈರ್ ಮುಟ್ಟಲೇಬೇಡಿ. ವೈರ್ ಸೇರಿಸುವಾಗ ಬ್ಯಾಟರಿಯ ನೆಗೆಟಿವ್ ಕಳಚಿರಲಿ.

ಕೊನೆಗೆ, ಬೀಪ್ ನಂಬಬೇಡಿ. ಹ್ಯಾಂಡಲ್ ಎಳೆದು ನೋಡಿ.