ಫರ್ಮಾ ಸಾಲಿನ ಆರನೆಯ ಸಂಖ್ಯೆ

4,29,49,67,297. ಬಾಯಿಬಿಟ್ಟು ಹೇಳುವುದಾದರೆ 429 ಕೋಟಿ 49 ಲಕ್ಷ 67 ಸಾವಿರದ 297. ಇದು ಅವಿಭಾಜ್ಯವೇ? ಅಂದರೆ, 1 ಮತ್ತು ತನ್ನನ್ನು ಬಿಟ್ಟರೆ ಇನ್ಯಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲವೇ? ಈ ಪ್ರಶ್ನೆ ಬಗೆಹರಿಯಲು 92 ವರ್ಷ ಬೇಕಾಯಿತು.

ಸಂಖ್ಯೆ ಹುಟ್ಟುವ ಬಗೆ ಸರಳ. 2ರಿಂದ ಹೊರಟು ವರ್ಗ ಮಾಡುತ್ತಾ ಹೋಗಿ: 2, 4, 16, 256, 65,536. ಒಂದೊಂದಕ್ಕೂ 1 ಕೂಡಿಸಿ: 3, 5, 17, 257, 65,537. ಐದೂ ಅವಿಭಾಜ್ಯಗಳೇ! ಹೀಗೆ ಎಷ್ಟು ಮುಂದುವರಿದರೂ ಅವಿಭಾಜ್ಯವೇ ಸಿಗುತ್ತದೆ ಎಂದು 1640ರಲ್ಲಿ ಫ್ರಾನ್ಸಿನ ಪಿಯೇರ್ ದ ಫರ್ಮಾ ನಂಬಿದರು. ಸಾಧನೆ ಮಾತ್ರ ಅವರ ಕೈಗೆ ಸಿಕ್ಕಿರಲಿಲ್ಲ. ನಮ್ಮ ಸಂಖ್ಯೆ ಈ ಸಾಲಿನ ಆರನೆಯದು.

ಇದಕ್ಕಿಂತ 2 ಕಡಿಮೆಯಿರುವ ಸಂಖ್ಯೆಯನ್ನು ನೋಡಿ. 4,29,49,67,295 ಎಂದರೆ 3 × 5 × 17 × 257 × 65,537. ಸಾಲಿನ ಮೊದಲ ಐದೂ ಅದರೊಳಗಿವೆ! ಹಾಗಾಗಿ ಆ ಐದರಲ್ಲಿ 3ರಿಂದ ಭಾಗಿಸಿದರೂ 65,537ರಿಂದ ಭಾಗಿಸಿದರೂ ನಮ್ಮ ಸಂಖ್ಯೆ 2 ಶೇಷ ಉಳಿಸುತ್ತದೆ. ಅದನ್ನು ಒಡೆಯುವ ಭಾಜಕವಿದ್ದರೆ ಸಾಲಿನ ಹೊರಗೇ ಹುಡುಕಬೇಕು. ವರ್ಗಮೂಲದವರೆಗೆ ಹುಡುಕಿದರೆ ಸಾಕು, ನಿಜ. ಆದರೆ ಅಷ್ಟರೊಳಗೆ 6,500ಕ್ಕೂ ಹೆಚ್ಚು ಅವಿಭಾಜ್ಯಗಳಿವೆ.

1732ರಲ್ಲಿ ಲಿಯೊನಾರ್ಡ್ ಆಯ್ಲರ್ ಆ ಭಾಜಕವನ್ನು ಹೆಸರಿಸಿದರು: 641. ಅದನ್ನು ತಲುಪುವ ಹಾದಿ ಎಷ್ಟು ಹತ್ತಿರದ್ದೆಂಬುದು ಮುಂದೆ ಅವರೇ ಸಾಧಿಸಿದ ನಿಯಮದಿಂದ ತಿಳಿಯುತ್ತದೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕ 64ರ ಮಗ್ಗಿಗೆ 1 ಕೂಡಿಸಿದಾಗ ಬರುವಂಥದ್ದೇ ಆಗಿರಬೇಕು. ಅಂಥವು 193, 257, 449, 577, 641... ಐದನೆಯದಕ್ಕೇ ಕೆಲಸ ಮುಗಿಯಿತು! ಈ ನಿಯಮದ ಬೇರು ಫರ್ಮಾ ಅದೇ 1640ರಲ್ಲಿ ಪತ್ರವೊಂದರಲ್ಲಿ ಬರೆದ ಇನ್ನೊಂದು ಪ್ರಮೇಯದಲ್ಲಿದೆ. ತಮ್ಮ ಊಹೆಯನ್ನು ಒರೆಗೆ ಹಚ್ಚುವ ಕಲ್ಲು ಅವರ ಬಳಿಯೇ ಇತ್ತು.

ಕಾಗದ, ಪೆನ್ನು ತೆಗೆದುಕೊಂಡು ನೀವೇ ಪರೀಕ್ಷಿಸಬಹುದು. 65,536ನ್ನು 641ರಿಂದ ಭಾಗಿಸಿದರೆ ಶೇಷ 154. ಇನ್ನು ಮುಂದೆ ದೊಡ್ಡ ಸಂಖ್ಯೆ ಬೇಡ, ಶೇಷವನ್ನಷ್ಟೇ ವರ್ಗ ಮಾಡಿ: 154 × 154 = 23,716. ಇದನ್ನು 641ರಿಂದ ಭಾಗಿಸಿದರೆ ಉಳಿಯುವುದು 640. ಅಂದರೆ 65,536ರ ವರ್ಗವೂ 640 ಶೇಷ ಕೊಡುತ್ತದೆ. ಅದಕ್ಕೆ 1 ಸೇರಿಸಿದರೆ ನಮ್ಮ ಸಂಖ್ಯೆ, ಶೇಷ ಸೊನ್ನೆ. ಪೂರ್ತಿ ಲೆಕ್ಕ: 641 × 67,00,417.

ಹತ್ತಂಕಿಯ ಸಂಖ್ಯೆಯನ್ನು ಮುಟ್ಟದೆಯೇ ಅದರ ಗುಟ್ಟು ಬಿಡಿಸುವ ಈ ಶೇಷಗಣಿತ ಇಂದಿಗೂ ಕಂಪ್ಯೂಟರುಗಳ ಕೈಯ ಮುಖ್ಯ ಆಯುಧ. ಅದರ ನೆರವಿನಿಂದ ಫರ್ಮಾ ಸಾಲಿನ ಆರನೆಯದರಿಂದ ಮೂವತ್ತಮೂರನೆಯದರವರೆಗಿನ ಎಲ್ಲವೂ ಭಾಜ್ಯಗಳೆಂದು ಖಚಿತವಾಗಿದೆ. ಮೊದಲ ಐದರಾಚೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಈವರೆಗೆ ಸಿಕ್ಕಿಲ್ಲ. ಹಾಗೆಂದು ಮುಂದೆಯೂ ಸಿಗುವುದಿಲ್ಲ ಎಂದುಬಿಟ್ಟರೆ ಫರ್ಮಾರ ತಪ್ಪನ್ನೇ ತಿರುಗುಮುರುಗಾಗಿ ಮಾಡಿದಂತೆ. ಗಣಿತದಲ್ಲಿ ಉದಾಹರಣೆಗಳು ಊಹೆಗೆ ದಾರಿ ತೋರಿಸುತ್ತವೆ, ತೀರ್ಪು ಕೊಡುವುದು ಸಾಧನೆ ಮಾತ್ರ.