ಅಟ್ಟದಿಂದ ಸಂತೆಗೆ, ಸಂತೆಯಿಂದ ಮನೆಗೆ

ದೀಪಾವಳಿ ಇನ್ನು ಹದಿನೈದು ದಿನವಿರುವಾಗಲೇ ನಮ್ಮ ಮನೆಗಳಲ್ಲಿ ಅಟ್ಟದ ಸಾಮಾನುಗಳು ಕೆಳಗಿಳಿಯತೊಡಗುತ್ತವೆ. ತಾಮ್ರದ ಹಂಡೆ, ಕೊಪ್ಪರಿಗೆ, ಕಂಚಿನ ಗಂಗಾಳ, ಹಿತ್ತಾಳೆಯ ಸಮೆ, ತುಕ್ಕು ಹಿಡಿದ ಟ್ರಂಕು, ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಕಾಗದದ ಕಟ್ಟು. ವರ್ಷಕ್ಕೊಮ್ಮೆ ಬೆಳಕು ಕಾಣುವ ಈ ರಾಶಿಯ ಮುಂದೆ ಕುಳಿತ ಗೃಹಿಣಿಯು, "ಇವನ್ನೆಲ್ಲ ಇನ್ನು ಯಾರು ಬಳಸುತ್ತಾರೆ?" ಎಂದು ಕೇಳುತ್ತಾಳೆ. ಅಷ್ಟರಲ್ಲಿ ಬೀದಿಯಲ್ಲಿ ಗುಜರಿಯವನ ಕೂಗು ಕೇಳಿಸುತ್ತದೆ. ಅರ್ಧ ಗಂಟೆಯೊಳಗೆ ಮೂರು ತಲೆಮಾರಿನ ವಸ್ತುಗಳು ತಕ್ಕಡಿಯನ್ನೇರಿ, ತೂಕದ ಲೆಕ್ಕದಲ್ಲಿ ಮನೆಯನ್ನು ಬಿಟ್ಟು ಹೊರಡುತ್ತವೆ.

ಹಾಗೆ ಹೊರಟವು ಎಲ್ಲಿಗೆ ಹೋಗುತ್ತವೆ? ಹೆಚ್ಚಿನವು ಕರಗಿಸುವ ಕುಲುಮೆಗೆ. ಉಳಿದ ಕೆಲವು ಹಳೆಯ ಸಾಮಾನಿನ ಸಂತೆಗೆ. ಅಂತಹ ಸಂತೆಗಳಲ್ಲಿ ಅಲೆಯುವ ಹವ್ಯಾಸವು ನಮಗೆ ಅನೇಕ ವರ್ಷಗಳಿಂದ ಇದೆ. ಮನೆಯವರು ಇದನ್ನು ಹವ್ಯಾಸವೆನ್ನುವುದಿಲ್ಲ, ಚಟವೆನ್ನುತ್ತಾರೆ. ಆದರೂ ಅಲ್ಲಿ ಕಂಡು ಕಲಿತದ್ದನ್ನೂ, ಮೋಸಹೋಗಿ ಕಲಿತದ್ದನ್ನೂ ವಾಚಕ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳ ಆಸುಪಾಸಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳ ಬಾಗಿಲು ಮುಚ್ಚಿರುವಾಗ, ಆ ಮುಚ್ಚಿದ ಬಾಗಿಲುಗಳ ಮುಂದೆಯೇ ಗೋಣಿತಟ್ಟು ಹಾಸಿ ಹಳೆಯ ಸಾಮಾನು ಮಾರುವವರು ಕುಳಿತುಕೊಳ್ಳುತ್ತಾರೆ. ಮುಂಬಯಿಯವರಿಗೆ ಮಟನ್ ಸ್ಟ್ರೀಟಿನ ಚೋರ್ ಬಜಾರ್ ಇದೆ. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಭಾನುವಾರದ ಸಂತೆಗೆ ಗುಜರಿ ಬಜಾರ್ ಎಂದೇ ಹೆಸರು. ನಾವು ತಾತ್ಸಾರದಿಂದ ಆಡುವ ಗುಜರಿ ಎಂಬ ಮಾತು ಅಲ್ಲಿ ಒಂದು ಸಂತೆಯ ಗೌರವದ ಹೆಸರಾಗಿದೆ. ಇಲ್ಲಿ ಗೋಣಿತಟ್ಟಿನ ಮೇಲೆ ಕೈಕಾಲು ಮುರಿದ ಗೊಂಬೆಯ ಪಕ್ಕದಲ್ಲಿ ಮರ್ಫಿ ರೇಡಿಯೋ, ಅದರ ಪಕ್ಕದಲ್ಲಿ ಸ್ಕ್ರೂ, ನಲ್ಲಿ, ಬೀಗ, ಅವುಗಳ ನಡುವೆ ಯಾವುದೋ ಊರಿನ ಯಾವುದೋ ಮನೆಯ ಅಡಕೊತ್ತು. ಬೆಲೆ ಎಂಬುದು ಕೇಳುವವನ ಮುಖ ನೋಡಿ ಹುಟ್ಟುತ್ತದೆ.

ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ತಿಳಿಯಬೇಕಾದ ಮಾತೊಂದಿದೆ. ಈ ಸಂತೆಯಲ್ಲಿ ಲಾಭವಾಗುವುದು ಚೌಕಾಸಿಯಿಂದ ಅಲ್ಲ, ತಿಳಿವಳಿಕೆಯಿಂದ. ಇದಕ್ಕೆ ನಮ್ಮ ನಷ್ಟವನ್ನೇ ಉದಾಹರಣೆಯಾಗಿ ಕೊಡಬಹುದು. ಒಮ್ಮೆ ಹಳೆಯ ಗ್ರಾಮಫೋನ್ ತಟ್ಟೆಗಳ ಕಟ್ಟೊಂದನ್ನು ತಿರುವಿಹಾಕುತ್ತಿದ್ದೆವು. ಅರಗಿನಿಂದ ಮಾಡಿದ, ನಿಮಿಷಕ್ಕೆ ೭೮ ಸುತ್ತು ತಿರುಗುವ ಆ ತಟ್ಟೆಗಳು ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡುತ್ತವೆ. ಕೈಜಾರಿದರೆ ಮಡಕೆಯಂತೆ ಒಡೆಯುತ್ತವೆ. ಅವುಗಳಲ್ಲೊಂದರ ಮೇಲೆ 'ಗಾಂಧಾರಿ' ಎಂಬ ಹೆಸರಿತ್ತು. ಯಾರೋ ಅಜ್ಞಾತ ಗಾಯಕಿಯೆಂದು ಬಗೆದು ಬದಿಗಿಟ್ಟು, ಚಿತ್ರಗೀತೆಗಳ ಎರಡು ತಟ್ಟೆಗಳನ್ನು ಕೊಂಡು ಬಂದೆವು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು ೧೯೩೦ರ ದಶಕದ ಆರಂಭದಲ್ಲಿ ಮುದ್ರಿಸಿದ ತಟ್ಟೆಗಳ ಮೇಲೆ ಅವರ ಹೆಸರನ್ನು ಗಾಂಧಾರಿ ಎಂದೇ ಅಚ್ಚು ಹಾಕಲಾಗುತ್ತಿತ್ತೆಂದು ನಮಗೆ ತಿಳಿದದ್ದು ಅನಂತರ. ಮುಂದಿನ ಭಾನುವಾರ ಬೆಳಗಾಗುವ ಮೊದಲೇ ಅಲ್ಲಿಗೆ ಓಡಿದೆವು. ಮಾರುವವನಿದ್ದ, ಕಟ್ಟು ಇರಲಿಲ್ಲ.

ನಾಣ್ಯಗಳ ವಿಷಯದಲ್ಲಿಯೂ ಹಾಗೆಯೇ. ಐದನೆಯ ಜಾರ್ಜ್ ದೊರೆಯ ೧೯೧೧ನೆಯ ಇಸವಿಯ ರೂಪಾಯಿಯಲ್ಲಿ, ದೊರೆ ತೊಟ್ಟ ಹಾರದ ಆನೆಯ ಚಿತ್ರವು ಸೊಂಡಿಲು ಸರಿಯಾಗಿ ಮೂಡದೆ ಹಂದಿಯಂತೆ ಕಂಡಿತು. ಜನರಲ್ಲಿ ಅಸಮಾಧಾನ ಹುಟ್ಟಲು, ಸರ್ಕಾರವು ಅವನ್ನು ಹಿಂದೆಗೆದು ಕರಗಿಸಿ, ಮರುವರ್ಷ ಆನೆಯನ್ನು ತಿದ್ದಿಸಿತು. ಕರಗದೆ ಉಳಿದವಕ್ಕೆ ಇಂದು ಬೇಡಿಕೆಯಿದೆ. ಆದರೆ ಜಾರ್ಜನ ರೂಪಾಯಿಗಳೆಲ್ಲವೂ ಅಚ್ಚಬೆಳ್ಳಿಯೆಂದು ನಮ್ಮ ಹಿರಿಯರು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವುದುಂಟು. ಅದು ಪೂರ್ತಿ ನಿಜವಲ್ಲ. ಒಂದು ತೊಲೆ ತೂಗುವ ಹಳೆಯ ರೂಪಾಯಿಯ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎಂದರೆ ೧೯೪೦ರಿಂದ ೧೯೪೫ರ ವರೆಗಿನವುಗಳಲ್ಲಿ, ಅರ್ಧದಷ್ಟು ಮಾತ್ರ. ೧೯೪೭ರ ರೂಪಾಯಿಯಲ್ಲಿ ಬೆಳ್ಳಿಯ ಸುಳಿವೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ. ಸಂತೆಗೆ ಹೋಗುವವರು ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತವನ್ನಿಟ್ಟುಕೊಂಡರೆ ಹಿತ್ತಾಳೆಯ ಲೇಪ ಬಳಿದ ಕಬ್ಬಿಣದ ದೀಪಗಳೂ ಸಿಕ್ಕಿಬೀಳುತ್ತವೆ.

ಮೋಸದ ಸಾಮಗ್ರಿಗಳಲ್ಲಿ ಮುಖ್ಯವಾದುದನ್ನು ಹೇಳದೆ ಬಿಡಲಾಗದು. ಒಂದು ಮಗ್ಗುಲಿಗೆ ರಾಮ ಸೀತೆಯರ ಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಮಗ್ಗುಲಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಕೆಳಗೆ ೧೮೧೮ ಎಂಬ ಇಸವಿ. ಇದು ಲಕ್ಷ ಲಕ್ಷ ಬಾಳುತ್ತದೆ, ಅಕ್ಕಿಕಾಳನ್ನು ಸೆಳೆಯುತ್ತದೆ, ಮನೆಯಲ್ಲಿದ್ದರೆ ಸಂಪತ್ತು ಬರುತ್ತದೆ ಎಂದು ನಂಬಿಸಿ ಮಾರುವವರಿದ್ದಾರೆ. ಕಂಪನಿಯವರು ಇಂತಹ ನಾಣ್ಯವನ್ನು ಎಂದೂ ಅಚ್ಚು ಹಾಕಿಸಲಿಲ್ಲ. ಇವು ಈಚೆಗೆ ಮಾಡಿದ ಬಿಲ್ಲೆಗಳು. ಇದನ್ನು ನಂಬಿ ಹೊಲ ಮಾರಿದವರ ಸುದ್ದಿಯನ್ನೂ ನಾವು ಕೇಳಿದ್ದೇವೆ. ದೊಡ್ಡ ಹಿತ್ತಾಳೆಯ ಕಹಳೆಯಿರುವ, ನಾಯಿಯ ಚಿತ್ರದ ಗ್ರಾಮಫೋನುಗಳೂ ಬಹುಮಟ್ಟಿಗೆ ಹೊಸವೇ. ಯಾವುದೋ ಹಳೆಯ ಪೆಟ್ಟಿಗೆಯ ಯಂತ್ರಕ್ಕೆ ಹೊಸ ಕಹಳೆ ಕೂಡಿಸಿದವು. ನೋಡಲು ಅಂದವಾಗಿರುತ್ತವೆ, ಹಾಡುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಯಾರೂ ಕಣ್ಣೆತ್ತಿ ನೋಡದ ತೂತುಕಾಸು, ೧೯೪೩ರಿಂದ ೧೯೪೭ರ ವರೆಗೆ ಬಂದದ್ದು, ಈಗಲೂ ಅಲ್ಪ ಬೆಲೆಗೆ ದೊರೆಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡದಲ್ಲಿ 'ಮಯಿಲಿ ಕಾಸು' ಎಂದು ಬರೆದಿರುವ ತಾಮ್ರದ ಕಾಸುಗಳೂ ಅಷ್ಟೇ. ಮಕ್ಕಳ ಕೈಯಲ್ಲಿ ಇಂತಹದೊಂದನ್ನಿಟ್ಟು ಅಕ್ಷರ ಓದಿಸಿದರೆ ಅವರ ಮುಖದಲ್ಲಿ ಕಾಣುವ ಬೆರಗಿಗೆ ಬೆಲೆ ಕಟ್ಟಲಾಗದು. ಆದರೆ ದಯವಿಟ್ಟು ಹುಣಿಸೆಹಣ್ಣು ಹಾಕಿ ಉಜ್ಜಬೇಡಿರಿ. ಕಾಲವು ಬಳಿದ ಕಂದು ಬಣ್ಣ ಹೋದರೆ ಸಂಗ್ರಾಹಕರ ದೃಷ್ಟಿಯಲ್ಲಿ ನಾಣ್ಯದ ಬೆಲೆಯೂ ಹೋಯಿತು.

ತಾಯಂದಿರಿಗೆ ಹೆಚ್ಚು ಉಪಯೋಗದ್ದು ಪಾತ್ರೆಗಳ ಮಾತು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕಂಚು ಗಂಟೆಯಂತೆ ದೀರ್ಘವಾಗಿ ನುಡಿಯುತ್ತದೆ. ದನಿ ಒಡಕಾಗಿದ್ದರೆ ಎಲ್ಲಿಯೋ ಸೀಳು ಬಿಟ್ಟಿದೆಯೆಂದು ತಿಳಿಯಬೇಕು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಇಲ್ಲದೆ ಹುಳಿ ಸಾರು ಕುದಿಸುವುದು ಸಲ್ಲದು. ನವಸಾಗರ ಹಾಕಿ ತವರ ಬಳಿಯುವ ಕಲಾಯಿಗಾರರು ಈಗ ಅಪರೂಪ. ಆದುದರಿಂದ ಕೊಳ್ಳುವ ಮುನ್ನ ಅವರನ್ನು ಹುಡುಕಿಟ್ಟುಕೊಳ್ಳುವುದು ಲೇಸು. ಇನ್ನು ಹಳೆಯ ಜರಿಯ ಸೀರೆಗಳನ್ನು ಕೇಳಿಕೊಂಡು ಮನೆಬಾಗಿಲಿಗೆ ಬರುವವರು ಉಡುವುದಕ್ಕಾಗಿ ಕೊಳ್ಳುವುದಿಲ್ಲ. ಸೆರಗನ್ನು ಸುಟ್ಟು ಜರಿಯ ಬೆಳ್ಳಿಯನ್ನು ತೆಗೆಯುತ್ತಾರೆ. ಅಜ್ಜಿಯ ಮದುವೆಯ ಸೀರೆಯು ಯಾವ ಸಂತೆಯಲ್ಲಿಯೂ ಮರಳಿ ಸಿಗುವುದಿಲ್ಲ.

ಕಾನೂನಿನ ಮಾತು ಒಂದಿಷ್ಟು. ೧೯೭೨ರ ಪುರಾತನ ವಸ್ತುಗಳ ಅಧಿನಿಯಮದಂತೆ ನೂರು ವರ್ಷಕ್ಕೆ ಮೇಲ್ಪಟ್ಟ ವಿಗ್ರಹ, ಚಿತ್ರ, ನಾಣ್ಯ ಮೊದಲಾದವು ಪುರಾತನ ವಸ್ತುಗಳು. ಮಹತ್ತ್ವದ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷವಾಗಿದ್ದರೆ ಸಾಕು. ಇವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆ ಕೊಂಡೊಯ್ಯುವವರು ಇದನ್ನು ನೆನಪಿಡಬೇಕು. ಯಾವುದೋ ಗುಡಿಯಿಂದ ಬಂದಂತೆ ತೋರುವ ವಿಗ್ರಹವನ್ನಂತೂ ಮುಟ್ಟಲೇಬಾರದು.

ಹಸ್ತಪ್ರತಿಯೆಂದಾಗ ನೆನಪಾಯಿತು. ರದ್ದಿ ಅಂಗಡಿಯವನಿಗೆ ಕಾಗದದ ಕಟ್ಟನ್ನು ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕೆಂದು ಬೇಡಿಕೊಳ್ಳುತ್ತೇವೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಮನೆಮನೆಯ ಜಗುಲಿ ಮಾಡುಗಳಲ್ಲಿದ್ದ ತಾಡವೋಲೆಯ ಕಟ್ಟುಗಳನ್ನು ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಆ ಮನೆಗಳವರು ಅಷ್ಟರಲ್ಲಿ ಒಲೆಗೆ ಹಾಕಿಬಿಟ್ಟಿದ್ದರೆ ಎಷ್ಟು ವಚನಗಳು ನಮ್ಮ ಕಿವಿಗೆ ಬೀಳುತ್ತಿದ್ದವೋ ಯೋಚಿಸಿರಿ. ನಾವು ಹೀಗೆ ಉಪದೇಶಿಸುತ್ತಿದ್ದರೂ ನಮ್ಮ ಕೈ ಶುದ್ಧವಲ್ಲ. ನಮ್ಮ ಮುತ್ತಜ್ಜನ ಕಾಲದ ಕಡತಗಳೆರಡು ರದ್ದಿಯ ತಕ್ಕಡಿಯಲ್ಲಿಯೇ ಹೋದವು.

ಅದೇ ಕಾಲದಲ್ಲಿ ಗಂಗಾಳವೂ ಹೋಯಿತು. ೧೯೮೭ರಲ್ಲಿ ಊರಿನ ಮನೆಯನ್ನು ಖಾಲಿ ಮಾಡುವಾಗ, ಹಂಡೆ ಕೊಡಗಳ ಜೊತೆಗೆ ನಮ್ಮ ತಾಯಿಯವರ ಕಂಚಿನ ಗಂಗಾಳವನ್ನೂ ಪಾತ್ರೆ ಅಂಗಡಿಗೆ ತೂಕಕ್ಕೆ ಕೊಟ್ಟು ಸ್ಟೀಲಿನ ತಟ್ಟೆಗಳನ್ನು ತಂದೆವು. ಅಂಗಡಿಯವನು ತೂಕದಲ್ಲಿ ಹಿಡಿದುಕೊಂಡನೆಂದು ನಾವು ಜಗಳವಾಡಿದೆವೇ ಹೊರತು, ಕೊಟ್ಟದ್ದೇನು ಎಂದು ನೋಡಲಿಲ್ಲ. ತಾಯಿಯವರು ಜಗಳವಾಡಲಿಲ್ಲ. "ಅದು ನಮ್ಮವ್ವ ಕೊಟ್ಟಿದ್ದಪ್ಪ, ಅದರಾಗ ನನ್ನ ಹೆಸರು ಇತ್ತು" ಎಂದಷ್ಟೇ ಹೇಳಿ ಸುಮ್ಮನಾದರು. ಆ ಕಾಲದಲ್ಲಿ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಪಾತ್ರೆಯ ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಹೆಸರು ಹೊಡೆಸುತ್ತಿದ್ದರು. ಸಂತೆಯಲ್ಲಿ ಯಾವ ಕಂಚಿನ ಪಾತ್ರೆ ಕಂಡರೂ ನಾವು ಮೊದಲು ಅಂಚನ್ನು ತಿರುಗಿಸಿ ನೋಡುವುದು ಅಂದಿನಿಂದ ಬಂದ ಅಭ್ಯಾಸ. ಗಂಗಾಳವೇನೋ ಸಿಗಲಿಲ್ಲ. ಸಿಗುವುದೂ ಇಲ್ಲ, ಅದು ಎಂದೋ ಕರಗಿ ಹೋಗಿರಬೇಕು.

ಹತ್ತೊಂಬತ್ತು ವರ್ಷದ ಮೇಲೆ ಒಂದು ಭಾನುವಾರ ಅದೇ ಅಳತೆಯ, ಅದೇ ತೂಕದ ಗಂಗಾಳವೊಂದು ಗೋಣಿತಟ್ಟಿನ ಮೇಲೆ ಕಂಡಿತು. ಅಂಚಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ೧೯೩೮ ಎಂಬ ಇಸವಿ. ಆ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ, ಆ ಮನೆತನದವರು ಎಲ್ಲಿಯಾದರೂ ಇದ್ದಾರು. ಮಾರುವವನು ಐನೂರು ಹೇಳಿದ, ಮುನ್ನೂರೈವತ್ತಕ್ಕೆ ಕೊಟ್ಟ.

ಮನೆಗೆ ತಂದು ತಾಯಿಯವರ ಮುಂದಿಟ್ಟೆವು. ಅವರಿಗೆ ಆಗಲೇ ಕಣ್ಣು ಮಂದವಾಗಿತ್ತು. ಅಂಚಿನ ಚುಕ್ಕಿಗಳ ಮೇಲೆ ಬೆರಳಾಡಿಸಿ, "ಇದು ಯಾರ ಮನೀದು?" ಎಂದು ಕೇಳಿದರು. ಹೆಸರನ್ನು ಓದಿ ಹೇಳಿದೆವು. ತಂಗಿ ಇದ್ದವಳು, ಅಕ್ಕಸಾಲಿಗನಿಂದ ಉಜ್ಜಿಸಿ ಅವ್ವನ ಹೆಸರು ಹೊಡೆಸೋಣವೆಂದಳು. "ಬ್ಯಾಡವ್ವ, ಆಕೀ ಹೆಸರು ಅಳಿಸಬ್ಯಾಡ್ರಿ" ಎಂದರು. ಅಂದು ರಾತ್ರಿ ಅದರಲ್ಲಿಯೇ ರೊಟ್ಟಿ ಮುರಿದು ಹಾಲು ಹಾಕಿಸಿಕೊಂಡು ಉಂಡರು. ಉಂಡಾದ ಮೇಲೆ ಕೈ ತೊಳೆಯುತ್ತ, "ಎಷ್ಟು ಕೊಟ್ಟಿ ತಮ್ಮಾ?" ಎಂದು ಕೇಳಿದರು. ನಾವು ನೂರು ರೂಪಾಯಿ ಎಂದು ಸುಳ್ಳು ಹೇಳಿದೆವು.

"ಭಾಳ ಆತು" ಎಂದರು.